ಬ್ಯಾಕಪ್ ಇದೆ ಅನ್ನುತ್ತಿದ್ದವರು

ನಮ್ಮ ಕಡೆಯ ವೆಬ್‌ಸೈಟ್ ನಡೆಸುತ್ತಿದ್ದ ಅವರ ಶ್ರದ್ಧಾಂಜಲಿ ಸಭೆ ಕೊಳ್ಳೇಗಾಲದ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ನಡೆಯಿತು. ಮೇಲಿನ ಹಾಲಿನಲ್ಲಿ ಯಾರದೋ ನಿಶ್ಚಿತಾರ್ಥವಿತ್ತು. ಮಾತನಾಡಿದ ಮೂವರೂ ಅವರನ್ನು ವಿನಯವಂತರು ಎಂದರು. ಮೂರನೆಯವರು ಅಷ್ಟಕ್ಕೇ ನಿಲ್ಲಿಸದೆ ಮಿತಭಾಷಿಗಳು ಎಂದೂ ಸೇರಿಸಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ನನ್ನ ಕಡೆ ತಿರುಗಿ, "ಇವ್ರು ಯಾರ ಬಗ್ಗ ಮಾತಾಡ್ತಾ ಅವ್ರ ಮೇಡಂ?" ಎಂದು ಪಿಸುಗುಟ್ಟಿದರು.

ನನಗೂ ಅದೇ ಅನುಮಾನ ಬಂದಿತ್ತು. ನಾನು ಬಲ್ಲ ಅಷ್ಟು ವರ್ಷಗಳಲ್ಲಿ ಅವರ ಮೇಲೆ ಏನೇನೋ ಆರೋಪಗಳು ಬಂದಿದ್ದವು, ವಿನಯದ ಆರೋಪವನ್ನು ಮಾತ್ರ ಯಾರೂ ಹೊರಿಸಿರಲಿಲ್ಲ. ಸತ್ತ ಮನುಷ್ಯ ಎದ್ದು ಬಂದು ಜಗಳ ಮಾಡುವುದಿಲ್ಲ ಎಂಬ ಧೈರ್ಯದ ಮೇಲೆ ಒಬ್ಬರ ಗುಣವನ್ನೇ ಬದಲಾಯಿಸಿಬಿಡುವುದು ಅನ್ಯಾಯ. ಅದಕ್ಕಾಗಿ ಇಷ್ಟನ್ನು ಬರೆಯುತ್ತಿದ್ದೇನೆ.

ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡವರು. ಒಂದು ಕಾಲದಲ್ಲಿ ಮನೆಗೆ ಫೋನ್ ಬೇಕೆಂದರೆ ಜನ ಅವರ ಮೇಜಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರಂತೆ. ಮೊಬೈಲ್ ಬಂದ ಮೇಲೆ ಆ ಕೈಗಳೆಲ್ಲ ಬಿಚ್ಚಿಕೊಂಡವು. ಎದುರಿಗೆ ಸಿಕ್ಕರೂ ನಮಸ್ಕಾರ ಹೇಳದೆ ಹೋಗುವವರು ಹೆಚ್ಚಾದರು. ಅವರು ವೆಬ್‌ಸೈಟ್ ಕಟ್ಟಿದ್ದು ಜನಸೇವೆಗಾಗಿ ಎಂದು ಅವರೇ ಹೇಳುತ್ತಿದ್ದರು. ಜನ ಮತ್ತೆ ತಮ್ಮ ಮುಂದೆ ಬಂದು ನಿಲ್ಲಲಿ ಎಂದು ಕಟ್ಟಿದರು ಎಂಬುದು ಅವರ ಹೆಂಡತಿಯ ಅಭಿಪ್ರಾಯ. ನನಗೆ ಎರಡೂ ನಿಜವೆನ್ನಿಸುತ್ತದೆ.

ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲೂಕಿಗೆ ಸೇರಿದ ವೆಬ್‌ಸೈಟ್ ಅದು. ಬಸ್ಸಿನ ವೇಳೆ, ರೇಷ್ಮೆಗೂಡಿನ ಧಾರಣೆ, ಕರೆಂಟ್ ಯಾವಾಗ ಹೋಗುತ್ತದೆ, ಯಾರ ಹಸು ಕಳೆದಿದೆ, ಯಾವ ಛತ್ರ ಯಾವತ್ತು ಖಾಲಿ ಇದೆ, ಎಲ್ಲ ಅದರಲ್ಲಿ ಇರುತ್ತಿತ್ತು. ಹಳೆಯ ಕಾಲದವರನ್ನು ಮಾತನಾಡಿಸಿ ಧ್ವನಿ ಹಿಡಿದಿಟ್ಟ ಪುಟವೊಂದಿತ್ತು. ಜನ ಅತಿ ಹೆಚ್ಚು ನೋಡುತ್ತಿದ್ದದ್ದು ನಿಧನ ವಾರ್ತೆಯ ಪುಟ. ಸತ್ತವರ ಫೋಟೋ, ಊರು, ದಿನ, ಕೆಳಗೆ ಸಂತಾಪ ಬರೆಯಲು ಜಾಗ.

ಆ ಪುಟದಿಂದಲೇ ನನಗೆ ಅವರ ಪರಿಚಯವಾದದ್ದು. ‘ಶ್ರದ್ಧಾಂಜಲಿ’ ಎಂಬ ಪದವನ್ನು ಅವರು ವರ್ಷಗಟ್ಟಲೆ ತಪ್ಪಾಗಿ ಬರೆಯುತ್ತಿದ್ದರು. ಕನ್ನಡ ಪಾಠ ಮಾಡುವ ನಾನು ತಡೆಯಲಾರದೆ ಒಮ್ಮೆ ಕೆಳಗೆ ಸರಿಯಾದ ರೂಪ ಬರೆದೆ. ಮರುದಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಗಿಡ್ಡ ಮನುಷ್ಯ ನಿಂತಿದ್ದರು. ಸಫಾರಿ, ಜೇಬಿನಲ್ಲಿ ಪೆನ್ನುಗಳ ಸಾಲು, ಕೊರಳಲ್ಲಿ ತಾವೇ ಪ್ರಿಂಟ್ ಹಾಕಿಸಿಕೊಂಡ ಗುರುತಿನ ಚೀಟಿ. ಅದರ ಮೇಲೆ ‘ಮುಖ್ಯ ಆಡಳಿತಾಧಿಕಾರಿ’ ಎಂದಿತ್ತು. ಆ ಚೀಟಿಯನ್ನು ಅವರು ರಾಗಿ ಬೀಸಿಸಲು ಮಿಲ್ಲಿಗೆ ಹೋಗುವಾಗಲೂ ತೆಗೆಯುತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

"ಈ ಕಾಮೆಂಟ್ ಹಾಕಿದ್ದು ನೀವಾ?"

"ಹೌದು ಸರ್."

"ಇವತ್ತಿನಿಂದ ನೀವೇ ನಮ್ಮ ಭಾಷಾ ಸಂಪಾದಕರು."

"ನನಗೆ ಅಷ್ಟು ಪುರುಸೊತ್ತಿಲ್ಲ ಸರ್."

"ನಾನು ಕೇಳ್ತಾ ಇಲ್ಲ ಮೇಡಂ, ತಿಳಿಸ್ತಾ ಇದ್ದೀನಿ. ನಿಮ್ಮ ಹೆಸರು ಹಾಕಿ ಆಗಿದೆ."

ಹಾಕಿದ್ದು ನಿಜ. ನನ್ನ ಹೆಸರಿನಲ್ಲೂ ಒತ್ತಕ್ಷರ ತಪ್ಪಿತ್ತು. ಅದನ್ನು ಸರಿಪಡಿಸುವುದೇ ಸಂಪಾದಕಿಯಾಗಿ ನಾನು ಮಾಡಿದ ಮೊದಲ ಕೆಲಸ.

ಸರ್ವರ್ ಅವರ ಮನೆಯಲ್ಲೇ ಇತ್ತು. ಎಲ್ಲರೂ ಮಾಡುವ ಹಾಗೆ ಬೆಂಗಳೂರಿನ ಯಾವುದಾದರೂ ಕಂಪನಿಗೆ ಬಾಡಿಗೆ ಕೊಟ್ಟು ಅಲ್ಲಿ ಇಡಬಹುದಿತ್ತು. "ನಮ್ಮ ಮೂರು ತಾಲೂಕಿನ ಮಾನ ಇನ್ನೊಬ್ಬರ ಕಂಪ್ಯೂಟರಲ್ಲಿ ಇಡೋದಾ?" ಎನ್ನುತ್ತಿದ್ದರು. ಹಿಂದುಗಡೆ ರಾಗಿ ಚೀಲ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಅದಕ್ಕೆ ಎಸಿ ಹಾಕಿಸಿದ್ದರು. ಆ ಮನೆಗೆ ಇದ್ದ ಎಸಿ ಅದೊಂದೇ. ಬೇಸಿಗೆಯಲ್ಲಿ ಸರ್ವರ್ ತಣ್ಣಗೆ ಮಲಗಿರುತ್ತಿತ್ತು, ಅವರ ಹೆಂಡತಿ ಹಾಲಿನಲ್ಲಿ ಕರಕರ ಎನ್ನುವ ಫ್ಯಾನಿನ ಕೆಳಗೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಒಮ್ಮೆ ಆಕೆ ಅವರೆಕಾಯಿ ಬಿಡಿಸಲು ಮೊರ ತೆಗೆದುಕೊಂಡು ಆ ಕೋಣೆಗೆ ಹೋಗಿ ಕೂತರಂತೆ. ಸಿಪ್ಪೆಯ ಧೂಳು ಮಿಷಿನ್ನಿಗೆ ಆಗುವುದಿಲ್ಲ ಎಂದು ಇವರು ಎಬ್ಬಿಸಿದರು. ಮಾರನೆಯ ದಿನವೇ ಬಾಗಿಲಿಗೆ ‘ಪಾದರಕ್ಷೆ ಹೊರಗೆ ಬಿಡಿ’ ಎಂದು ಬೋರ್ಡ್ ಬಂತು.

"ದೇವ್ರ ಮನಗೂ ಬೋರ್ಡ್ ಆಕಿಲ್ಲ ನೋಡಿ," ಎಂದು ಆಕೆ ನನಗೆ ಕಾಫಿ ಕೊಡುತ್ತ ಹೇಳಿದರು. "ಯಾಕಂದ್ರ ದೇವ್ರು ಕೆಟ್ಟೋಗದಿಲ್ಲ, ಅದು ಕೆಟ್ಟೋಯ್ತದ."

ಇವರು ಒಳಗಿನಿಂದಲೇ ಕೂಗಿದರು. "ಕೆಟ್ಟೋದ್ರ ಏನಾಯ್ತು? ಬ್ಯಾಕಪ್ ಅದ."

ಬ್ಯಾಕಪ್ ಅದ ಎಂಬುದು ಅವರ ಮಂತ್ರ. ಸಿಡಿಲಿನ ಬಗ್ಗೆ ಕೇಳಿದರೆ ಬ್ಯಾಕಪ್ ಅದ. ಇಲಿ ವೈರು ಕಚ್ಚಿದರೆ ಬ್ಯಾಕಪ್ ಅದ. ಹೀಗೇ ಒಮ್ಮೆ ಮಾತಿಗೆ, "ನಿಮ್ಮ ನಂತರ ಇದನ್ನು ಯಾರು ನೋಡಿಕೊಳ್ಳುತ್ತಾರೆ ಸರ್?" ಎಂದಿದ್ದಕ್ಕೂ ಅದನ್ನೇ ಹೇಳಿದರು.

ಹೊಗಳಿಕೆ ಕಂಡರೆ ಅವರಿಗೆ ಬಹಳ ಆಸೆ. ವೆಬ್‌ಸೈಟಿನ ಕೆಳಗೆ ಬರುವ ಮೆಚ್ಚುಗೆಯ ಮಾತುಗಳನ್ನು ಪ್ರಿಂಟ್ ತೆಗೆಸಿ ಸ್ಟಾಫ್ ರೂಮಿಗೆ ತಂದು ಗಟ್ಟಿಯಾಗಿ ಓದುತ್ತಿದ್ದರು. "ನೋಡಿ ಮೇಡಂ, ಪಾಲಾರ್ ಗಡಿಯಿಂದ ಸೆಲ್ವಿ ಅಂತ ಒಬ್ಬ ಹೆಣ್ಣುಮಗಳು ಬರ್ದವ್ಳೆ. ‘ಇಂಥ ಮೇಧಾವಿ ಅಡ್ಮಿನ್ ಸಿಕ್ಕಿರುವುದು ನಮ್ಮ ಪುಣ್ಯ, ರೊಂಬ ಸಂತೋಷ.’ ತಮಿಳವಳು, ಕನ್ನಡ ಸರಿಯಾಗಿ ಬರಲ್ಲ, ಆದ್ರೂ ಅಭಿಮಾನ ನೋಡಿ." ಅಗರದ ಶಿವಣ್ಣ, ಅಜ್ಜೀಪುರದ ಅಭಿಮಾನಿ, ಹೀಗೆ ಇನ್ನೂ ಕೆಲವರಿದ್ದರು. ಯಾರೂ ನೇರವಾಗಿ ಮನೆಗೆ ಬಂದದ್ದನ್ನು ಮಾತ್ರ ನಾನು ನೋಡಿರಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಗುಡುಗು ಸಹಿತ ಮಳೆ ಬಂತು. ಕರೆಂಟ್ ಹೋಯಿತು, ಬಂತು, ಮತ್ತೆ ಹೋಗಿ ಈ ಸಲ ಜೋರಾಗಿ ಬಂತು. ಆ ಬೀದಿಯಲ್ಲಿ ಎರಡು ಟಿವಿ, ಎದುರು ಮನೆಯ ಫ್ರಿಜ್ಜು, ಮತ್ತು ಮೂರು ತಾಲೂಕಿನ ವೆಬ್‌ಸೈಟು ಒಟ್ಟಿಗೆ ಸುಟ್ಟವು. ಹಿಂದಿನ ಕೋಣೆಯಿಂದ ಸುಟ್ಟ ವಾಸನೆ ಬಂದಾಗ ಅವರು ಓಡಿಹೋಗಿ ಮಿಷಿನ್ನಿನ ಡಬ್ಬಿ ಬಿಚ್ಚಿದರು. ಅವರು ಅಷ್ಟು ವರ್ಷ ಹೆಮ್ಮೆಪಡುತ್ತಿದ್ದ ಬ್ಯಾಕಪ್ ಎಲ್ಲಿತ್ತು ಎಂಬುದು ಅವತ್ತು ಹೆಂಡತಿಗೆ ಗೊತ್ತಾಯಿತು. ಅದೇ ಡಬ್ಬಿಯೊಳಗೆ, ಮೊದಲ ಡಿಸ್ಕಿನ ಪಕ್ಕದಲ್ಲೇ, ಎರಡನೆಯ ಡಿಸ್ಕಾಗಿ ಕೂತಿತ್ತು. ಎರಡೂ ಜೊತೆಯಲ್ಲೇ ಹೋಗಿದ್ದವು.

ಅವರು ಯಾರಿಗೂ ಹೇಳಲಿಲ್ಲ. ಫೋನ್ ಮಾಡಿದವರಿಗೆಲ್ಲ "ಮೇಂಟೆನೆನ್ಸ್ ನಡೀತಾ ಅದ" ಎಂದರು. ನನಗೂ ಅದನ್ನೇ ಹೇಳಿದರು. ಡಿಸ್ಕನ್ನು ತಣ್ಣಗಿಟ್ಟರೆ ಜೀವ ಬರುತ್ತದೆ ಎಂದು ಎಲ್ಲೋ ಓದಿ, ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರು. ದೋಸೆ ಹಿಟ್ಟಿನ ಪಾತ್ರೆಗೆ ಕೈ ಹಾಕಿದ ಹೆಂಡತಿಗೆ ಅದು ಸಿಕ್ಕಿತು. ನಿಜ ಸಂಗತಿಯನ್ನು ನನಗೆ ಫೋನಿನಲ್ಲಿ ತಿಳಿಸಿದವರು ಆಕೆಯೇ. "ಮೇಡಂ, ನಮ್ಮನೆಯವ್ರು ಮೂರು ತಾಲೂಕ ತಕಂಡೋಗಿ ಫ್ರಿಜ್ಜಲ್ಲಿ ಇಟ್ಟವ್ರ. ಒಂದ್ ಸಲ ಬನ್ನಿ."

ವೆಬ್‌ಸೈಟ್ ಇಲ್ಲದೆ ಮೂರು ತಾಲೂಕು ಮುಳುಗಿಹೋಗುತ್ತವೆ ಎಂದು ಅವರು ನಂಬಿದ್ದರು. ಮುಳುಗಲಿಲ್ಲ. ಬಸ್ಸಿಗೆ ಹೋಗುವವರು ಕಂಡಕ್ಟರನ್ನು ಕೇಳಿದರು, ಗೂಡಿನ ಧಾರಣೆ ವಾಟ್ಸಪ್ಪಿನಲ್ಲಿ ಬಂತು, ಹಸುಗಳು ತಾವಾಗಿಯೇ ಮನೆ ಸೇರಿದವು. ಇದು ಅವರನ್ನು ಮಿಷಿನ್ ಸುಟ್ಟದ್ದಕ್ಕಿಂತ ಹೆಚ್ಚು ನೋಯಿಸಿತು. ಕೇಳಿಕೊಂಡು ಬಂದವರೆಲ್ಲ ಸತ್ತವರ ಪುಟಕ್ಕಾಗಿ ಬಂದವರು. ತಾಯಿಯ ತಿಥಿ ಯಾವತ್ತೆಂದು ಅದರಲ್ಲೇ ನೋಡಿಕೊಳ್ಳುತ್ತಿದ್ದೆ ಎಂದು ಒಬ್ಬ ಬಂದ. ಗಂಡನ ಒಳ್ಳೆಯ ಫೋಟೋ ಇದ್ದದ್ದು ಅದೊಂದೇ ಎಂದು ಒಬ್ಬಾಕೆ ಬಂದಳು. ಎಲ್ಲರಿಗೂ ಮೇಂಟೆನೆನ್ಸ್ ಎಂದು ಹೇಳಿ ಕಳಿಸಿದರು.

ಒಂದು ದಿನ ನಾನು ಅಲ್ಲಿದ್ದಾಗಲೇ ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ, ಅಂದರೆ ಕಾಡಿನೊಳಗಿನ ಹಾಡಿಯಿಂದ, ಒಬ್ಬ ಸೋಲಿಗರ ಹೆಂಗಸು ಬಂದಳು. ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವವಳು. ಯಳಂದೂರಿಗೆ ಇಳಿದು, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಬಂದಿದ್ದಳು. ಅವಳ ತಂದೆ ಜೇನು ಕೀಳುವುದರಲ್ಲಿ ಹೆಸರಾದವನು. ಇವರು ಕೆಲವು ವರ್ಷಗಳ ಹಿಂದೆ ಬೆಟ್ಟಕ್ಕೆ ಹೋಗಿ ಆತನ ಮಾತನ್ನು ಹಿಡಿದುಕೊಂಡು ಬಂದಿದ್ದರು. ಆತ ತೀರಿಕೊಂಡು ಬಹಳ ದಿನವಾಗಿರಲಿಲ್ಲ.

"ನಮ್ಮಪ್ಪನ ಮಾತು ಕೇಳಬೇಕಿತ್ತು ಸಾ. ಫೋನಲ್ಲಿ ಒತ್ತುದ್ರ ಬತ್ತಾ ಇಲ್ಲ."

"ಮೇಂಟೆನೆನ್ಸ್ ಕಣವ್ವಾ."

"ಅಂಗಂದ್ರ?"

ಅದುವರೆಗೂ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅವರು ಕೊರಳಿನ ಚೀಟಿಯನ್ನು ಸರಿಮಾಡಿಕೊಂಡರು. "ರಿಪೇರಿ ಅಂತ."

"ಸರಿಯಾದದ ಸಾ? ನಿಮ್ಮ ತಾವು ಇದ್ದದು ಅಂತ ನಾವು ಬೇರೆ ಇಟ್ಕಳ್ಳಿಲ್ಲ."

"ಆಯ್ತದ. ಬ್ಯಾಕಪ್ ಅದ ಕಣವ್ವಾ. ದೀಪಾವಳಿ ಕಳೀಲಿ, ಬಾ."

ಅವಳು ಕಾಫಿ ಕುಡಿದು, ನಂಬಿ, ಹೊರಟುಹೋದಳು. ಬಾಗಿಲು ಮುಚ್ಚಿದ ಮೇಲೆ ಹೆಂಡತಿ ಕೇಳಿದರು. "ಸುಳ್ಳು ಯಾಕ ಏಳಿದ್ರಿ? ಆ ಮಗೀಗ ದೀಪಾವಳಿ ಆದ್ಮೇಲ ಏನ್ ತೋರುಸ್ತೀರಿ, ದೋಸೆ ಹಿಟ್ಟಾ?"

ಅವರು ಫ್ರಿಜ್ಜಿನಿಂದ ಎರಡೂ ಡಿಸ್ಕನ್ನು ತೆಗೆದು ಮೇಜಿನ ಮೇಲಿಟ್ಟು ನೋಡುತ್ತ ಕೂತರು. ಸುಳ್ಳು ಹೇಳುವುದು ಅವರಿಗೆ ಅಭ್ಯಾಸವಿತ್ತು, ನಂಬಿದವರನ್ನು ಎದುರಿಗೆ ನೋಡುವುದು ಅಭ್ಯಾಸವಿರಲಿಲ್ಲ ಎಂದು ನನಗೆ ತೋರಿತು.

ಅಷ್ಟು ಹೊತ್ತಿಗೆ ವಿಷಯ ಹೇಗೋ ಬಯಲಾಗಿತ್ತು. ವೆಬ್‌ಸೈಟನ್ನು ಉಳಿಸಬೇಕೆಂದು ಮೂರೂ ತಾಲೂಕಿನ ಗಣ್ಯರು ಸಭೆ ಕರೆದರು. ಕೊಳ್ಳೇಗಾಲದಿಂದ ರೇಷ್ಮೆ ಸೀರೆಯ ವ್ಯಾಪಾರಿ, ಹನೂರಿನಿಂದ ಅಕ್ಕಿ ಮಿಲ್ಲಿನ ಯಜಮಾನರು, ಯಳಂದೂರಿನಿಂದ ಒಬ್ಬ ವಕೀಲರು. ಸಮಿತಿಯ ಹೆಸರಿನಲ್ಲಿ ಯಾವ ತಾಲೂಕು ಮೊದಲು ಬರಬೇಕು ಎಂಬುದರ ಮೇಲೆ ಚರ್ಚೆ ಶುರುವಾಯಿತು. ಯಳಂದೂರು ಜಹಗೀರು ಆಗಿದ್ದ ಊರು, ಚರಿತ್ರೆಗೆ ಗೌರವ ಕೊಡಿ ಎಂದರು ವಕೀಲರು. ನಮ್ಮದು ಹೊಸ ತಾಲೂಕು, ಪ್ರೋತ್ಸಾಹ ಕೊಡಿ ಎಂದರು ಮಿಲ್ಲಿನವರು. ಸೀರೆ ವ್ಯಾಪಾರಿ ಮೇಜು ಕುಟ್ಟಿ, "ಸರ್ವರ್ ಸುಟ್ಟದ್ದು ನಮ್ಮೂರಲ್ಲಿ ಕಣ್ರಿ. ನಮ್ದೇ ಮೊದ್ಲು" ಎಂದರು. ಉಪ್ಪಿಟ್ಟು ಕೇಸರಿಬಾತು ಬಂತು. ಒಬ್ಬರನ್ನೊಬ್ಬರು ಬಾಯ್ತುಂಬ ಹೊಗಳಿಕೊಂಡು ಎದ್ದರು. ಡಿಸ್ಕು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಇವರು ಅದನ್ನು ಉಲ್ಲನ್ ಮಫ್ಲರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಸಭೆ ಮುಗಿಯುವವರೆಗೂ ಕೂತಿದ್ದರು.

ಮುಂದಿನ ವಾರ ಅವರೇ ಬಸ್ಸು ಹತ್ತಿ ಮೈಸೂರಿಗೆ ಹೊರಟರು. ಹಾಳಾದ ಡಿಸ್ಕಿನೊಳಗಿನದನ್ನು ಹೊರತೆಗೆಯುವ ಒಂದು ಅಂಗಡಿ ಅಲ್ಲಿದೆ ಎಂದು ಯಾರೋ ಹೇಳಿದ್ದರು. ಅಂಗಡಿಯವರ ಮುಂದೆ ಇವರು ನಿಜ ಹೇಳುವುದಿಲ್ಲ ಎಂಬ ಭಯಕ್ಕೆ ಹೆಂಡತಿಯೂ ಹೊರಟರು. ಆಕೆ ಕರೆದರೆಂದು ನಾನೂ ಹೋದೆ. ಅಂಗಡಿಯ ಇಂಜಿನಿಯರ್ ಒಬ್ಬ ಯುವತಿ. ಡಿಸ್ಕನ್ನು ತಿರುಗಿಸಿ ನೋಡಿ, "ಸರ್, ಇದನ್ನು ಫ್ರಿಜ್ಜಿನಲ್ಲಿ ಇಟ್ಟಿದ್ರಾ?" ಎಂದು ಕೇಳಿದಳು.

"ಇಲ್ಲ," ಎಂದರು ಇವರು.

"ಇಟ್ಟಿದ್ರು. ಹಿಟ್ಟಿನ ಪಕ್ಕ," ಎಂದರು ಹೆಂಡತಿ.

ಬ್ಯಾಕಪ್ ಎಂದು ಹೆಸರಿದ್ದ ಡಿಸ್ಕಿನಿಂದ ಏನೂ ಸಿಗಲಿಲ್ಲ. ಮೊದಲ ಡಿಸ್ಕಿನ ಮೇಲಿನ ಸರ್ಕ್ಯೂಟ್ ಮಾತ್ರ ಸುಟ್ಟಿತ್ತು, ಒಳಗಿನ ತಟ್ಟೆಗೆ ಹೆಚ್ಚು ಪೆಟ್ಟಾಗಿರಲಿಲ್ಲ. ಅದೇ ಮಾದರಿಯ ಇನ್ನೊಂದು ಡಿಸ್ಕಿನಿಂದ ಸರ್ಕ್ಯೂಟ್ ತೆಗೆದು ಇದಕ್ಕೆ ಕೂರಿಸಿ, ಅವಳು ಒಳಗಿದ್ದದ್ದನ್ನು ಹೊರಕ್ಕೆ ತೆಗೆದಳು. ಬಹುತೇಕ ಎಲ್ಲ ಬಂತು. ಬರಬಾರದ್ದೂ ಬಂತು.

ಅದು ಹೀಗೆ. ವೆಬ್‌ಸೈಟಿನಲ್ಲಿ ಅಳಿಸಿದ್ದು ನಿಜವಾಗಿ ಅಳಿಯುವುದಿಲ್ಲವಂತೆ, ಕಣ್ಣಿಗೆ ಕಾಣದ ಹಾಗೆ ಪಕ್ಕಕ್ಕೆ ಸರಿದಿರುತ್ತದೆ ಅಷ್ಟೆ. ಈಗ ಎಲ್ಲ ಒಂದೇ ರಾಶಿಯಾಗಿ ಬಂದಿತ್ತು. ಅವರು ವರ್ಷಾನುಗಟ್ಟಲೆ ತೆಗೆದುಹಾಕಿದ್ದ ಕಾಮೆಂಟುಗಳೆಲ್ಲ, ಯಾರು ಯಾವ ಫೋನ್ ನಂಬರ್ ಕೊಟ್ಟು ಬರೆದಿದ್ದರು ಎಂಬುದರ ಸಮೇತ, ಎದ್ದು ಕೂತಿದ್ದವು. ಇದನ್ನೆಲ್ಲ ಬೇರ್ಪಡಿಸಬೇಕಿತ್ತು. ಕಾಲೇಜು ಮುಗಿಸಿ ನಾನು ಅವರ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದೆ. ಅವರು ಪಕ್ಕದ ಕುರ್ಚಿಯಲ್ಲಿ ಕೂತು ಯಾವುದು ಎಲ್ಲಿಗೆ ಸೇರಬೇಕೆಂದು ಹೇಳುತ್ತಿದ್ದರು.

ಎರಡನೆಯ ಸಂಜೆಯೋ ಏನೋ, ಪಾಲಾರ್ ಸೆಲ್ವಿ ಸಿಕ್ಕಳು. ಹೆಸರಿನ ಪಕ್ಕದಲ್ಲಿ ಇವರದೇ ನಂಬರ್. ಅಗರದ ಶಿವಣ್ಣನದೂ ಅದೇ ನಂಬರ್. ಅಜ್ಜೀಪುರದ ಅಭಿಮಾನಿಯದೂ ಅದೇ. ನಾನು ಪರದೆಯಿಂದ ಕಣ್ಣು ತೆಗೆದು ಅವರನ್ನು ನೋಡಿದೆ. ಅವರು ಎಸಿಯ ರಿಮೋಟ್ ಹುಡುಕತೊಡಗಿದರು.

"ಸರ್, ಸೆಲ್ವಿ ನಿಮ್ಮ ಫೋನಿಂದ ಬರೀತಿದ್ದಳಾ?"

"ಅವಳ ಹತ್ರ ಫೋನಿಲ್ಲ ಮೇಡಂ."

ನಗು ತಡೆದುಕೊಂಡು ಮುಂದಕ್ಕೆ ನೋಡಿದೆ. ಸೆಲ್ವಿ, ಶಿವಣ್ಣ, ಅಭಿಮಾನಿ ಬರೀ ಹೊಗಳಿಕೆ ಬರೆದವರಾಗಿರಲಿಲ್ಲ. ನಿಧನ ವಾರ್ತೆಯ ಪುಟದಲ್ಲಿ ಯಾವ ಸತ್ತವರ ಕೆಳಗೆ ಯಾರೂ ಏನೂ ಬರೆದಿರಲಿಲ್ಲವೋ ಅಲ್ಲೆಲ್ಲ ಈ ಮೂವರೂ ಇದ್ದರು. ಕೂಲಿ ಮಾಡುತ್ತಿದ್ದ ಒಬ್ಬ ಮುದುಕಿಗೆ ಶಿವಣ್ಣ ಎರಡು ಸಾಲು ಬರೆದಿದ್ದ. ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುತ್ತಿದ್ದವನಿಗೆ ಸೆಲ್ವಿ, ‘ಒಳ್ಳೆಯ ಮನುಷ್ಯರು, ರೊಂಬ ಕಷ್ಟ ಆಯಿತು’ ಎಂದು ಬರೆದಿದ್ದಳು.

"ಇದು ಯಾಕೆ ಸರ್?"

ಅವರು ರಿಮೋಟ್ ಹುಡುಕುವುದನ್ನು ಬಿಟ್ಟರು. "ಆ ಮನೆಯವ್ರು ದಿನಾ ತೆಗ್ದು ನೋಡ್ತರ ಮೇಡಂ. ಯಾರೂ ಏನೂ ಬರೀದಿದ್ರ ಅವ್ರಿಗ ಎಂಗಾಯ್ತದ?"

"ಅದು ಸರಿ. ‘ಇಂಥ ಮೇಧಾವಿ ಅಡ್ಮಿನ್ ಸಿಕ್ಕಿರುವುದು ನಮ್ಮ ಪುಣ್ಯ’ ಅಂತ ಬರೆದಿದ್ದಾಳಲ್ಲ, ಅದು?"

"ಅದು ಸೆಲ್ವಿ ಅಭಿಪ್ರಾಯ. ಅದ್ರಲ್ಲಿ ನಾನು ತಲೆ ಹಾಕಕ್ಕ ಆಗಲ್ಲ," ಎಂದು ಎದ್ದು ಕಾಫಿಗೆ ಹೇಳಲು ಹೋದರು.

ಇನ್ನೊಂದು ರಾಶಿ ಗಣ್ಯರದು. ಸಭೆಯಲ್ಲಿ ಒಬ್ಬರನ್ನೊಬ್ಬರು ಹೊಗಳಿಕೊಂಡಿದ್ದ ಮೂವರೂ ಸುಳ್ಳು ಹೆಸರಿನಲ್ಲಿ ಉಳಿದಿಬ್ಬರನ್ನು ಬಾಯಿಗೆ ಬಂದಂತೆ ಬೈದಿದ್ದರು. ಮಿಲ್ಲಿನ ಅಕ್ಕಿಯಲ್ಲಿ ಕಲ್ಲಿದೆ ಎಂದು ವಕೀಲರು, ವಕೀಲರು ಎರಡೂ ಕಡೆಯವರ ಹತ್ತಿರ ತಿನ್ನುತ್ತಾರೆ ಎಂದು ಸೀರೆ ವ್ಯಾಪಾರಿ, ಆ ಅಂಗಡಿಯ ರೇಷ್ಮೆ ಒಂದು ಒಗೆತಕ್ಕೆ ಬಾರದು ಎಂದು ಮಿಲ್ಲಿನವರು. ಪೋಡಿನ ಜನ ಬೆಟ್ಟದ ಮೇಲಕ್ಕೆ ಇನ್ನೊಂದು ಬಸ್ಸು ಬೇಕೆಂದು ಕೇಳಿದ ಸುದ್ದಿಯ ಕೆಳಗೆ ಮಾತ್ರ ಮೂವರೂ ಒಟ್ಟಿಗೆ ನಿಂತು, ಕಾಡಿನವರಿಗೆ ಬಸ್ಸು ಯಾಕೆ ಎಂಬಲ್ಲಿಂದ ಶುರುಮಾಡಿ ಇಲ್ಲಿ ಬರೆಯಬಾರದ್ದನ್ನೆಲ್ಲ ಬರೆದಿದ್ದರು. ಅಲ್ಲಿ ಮೂರು ತಾಲೂಕಿಗೂ ಭೇದವಿರಲಿಲ್ಲ. ಇವರು ಅದನ್ನು ಬಂದ ಗಳಿಗೆಯಲ್ಲೇ ತೆಗೆದುಹಾಕಿದ್ದರು. ಬರೆದವರು ಯಾರೆಂದು ಗೊತ್ತಿದ್ದೂ ಅಷ್ಟು ವರ್ಷ ಅವರ ಪಕ್ಕದಲ್ಲಿ ವೇದಿಕೆಯ ಮೇಲೆ ಕೂತಿದ್ದರು. ಮಾತು ಹೊಟ್ಟೆಯಲ್ಲಿ ನಿಲ್ಲದ ಮನುಷ್ಯ ಇದೊಂದನ್ನು ಹೆಂಡತಿಗೂ ಹೇಳಿರಲಿಲ್ಲ.

ಅಳಿಸಿದ್ದೆಲ್ಲ ವಾಪಸ್ ಬಂದಿದೆಯಂತೆ ಎಂಬ ಮಾತು ಊರಲ್ಲಿ ಹರಡಿತು. ಹರಡಿಸಿದವರು ಇವರೇ ಎಂದು ನನ್ನ ನಂಬಿಕೆ. ಗಣ್ಯರು ಒಬ್ಬೊಬ್ಬರಾಗಿ ಬಾಳೆಹಣ್ಣು, ಸೇಬು ಹಿಡಿದು ಬಂದರು. ಇವರು ಎಲ್ಲರಿಂದಲೂ ಚಪ್ಪಲಿ ಬಿಡಿಸಿ ಹಿಂದಿನ ಕೋಣೆಯಲ್ಲಿ ಕೂರಿಸಿದರು. ನಾನು ಮೂಲೆಯಲ್ಲಿ ನನ್ನ ಕೆಲಸ ಮಾಡುತ್ತಿದ್ದೆ.

"ಎಲ್ಲಾನೂ ವಾಪಸ್ ತರ್ಲೇಬೇಕು ಅಂತ ಏನಿಲ್ಲ ಅಲ್ವ ಸಾ?" ಎಂದರು ಮಿಲ್ಲಿನ ಯಜಮಾನರು. "ಅಳೇದೆಲ್ಲ ಯಾಕ ಕೆದಕೋದು."

"ಡೇಟಾ ಯಜಮಾನ್ರೇ. ನಮ್ಮ ಕೈಲಿಲ್ಲ," ಎಂದರು ಇವರು. ಆಮೇಲೆ ಬ್ಯಾಕಪ್ಪಿನ ಮಹತ್ವದ ಬಗ್ಗೆ ದೀರ್ಘವಾಗಿ ಮಾತನಾಡಿದರು. ಎಲ್ಲ ಪ್ರತಿಗಳೂ ಒಂದೇ ಕಡೆ ಇರಬಾರದು, ದೂರ ದೂರದ ಊರಿನಲ್ಲಿರಬೇಕು, ಇಲ್ಲವಾದರೆ ಒಂದೇ ಸಿಡಿಲಿಗೆ ಎಲ್ಲ ಹೋಗುತ್ತದೆ ಎಂದು, ತಮಗೆ ಇದು ಹುಟ್ಟಿನಿಂದ ಗೊತ್ತಿತ್ತು ಎನ್ನುವ ಹಾಗೆ ವಿವರಿಸಿದರು. ಕೊನೆಗೆ ವೆಬ್‌ಸೈಟಿನ ಪೂರ್ತಿ ಪ್ರತಿ ಇದ್ದ ಒಂದು ಪುಟ್ಟ ಪೆಟ್ಟಿಗೆಯನ್ನು ಯಜಮಾನರ ಕೈಗಿಟ್ಟರು. "ಇದು ನಿಮ್ಮ ಮಿಲ್ಲಿನ ಆಫೀಸಲ್ಲಿ ಇರ್ಲಿ. ಯಾವಾಗ್ಲೂ ಆನ್ ಇರ್ಬೇಕು. ಆಫ್ ಆದ್ರ ನನಗ ಇಲ್ಲಿ ಗೊತ್ತಾಯ್ತದ. ಗೊತ್ತಾದ್ರ ಮತ್ತ ಅಳೇದೆಲ್ಲ ಮ್ಯಾಲಕ್ಕ ಬತ್ತದ."

ಹಾಗೆ ಯಳಂದೂರಿನ ವಕೀಲರ ಕಚೇರಿಗೊಂದು, ಸೀರೆ ಅಂಗಡಿಗೊಂದು ಪೆಟ್ಟಿಗೆ ಹೋಯಿತು. ಪೆಟ್ಟಿಗೆಯ ದುಡ್ಡನ್ನೂ ಕರೆಂಟ್ ಬಿಲ್ಲನ್ನೂ ಆ ಗಣ್ಯರೇ ಕಟ್ಟಿ, ಇವತ್ತಿಗೂ ಅವುಗಳ ಧೂಳು ಒರೆಸುತ್ತಿದ್ದಾರೆ. ಪ್ರತಿಯೊಬ್ಬರ ಮನೆಯಲ್ಲೂ ಉಳಿದಿಬ್ಬರು ತಮ್ಮನ್ನು ಬೈದದ್ದು ಭದ್ರವಾಗಿದೆ. ತೆಗೆದು ಓದಲು ಮಾತ್ರ ಯಾರಿಗೂ ಬರುವುದಿಲ್ಲ. ಅವರ ಶ್ರದ್ಧಾಂಜಲಿ ಸಭೆಯಲ್ಲಿ ಮಾತನಾಡಿದ ಮೂವರು ಈ ಗಣ್ಯರೇ ಎಂದು ಹೇಳಬೇಕಾಗಿಲ್ಲ.

ದೀಪಾವಳಿ ಕಳೆದ ಮೇಲೆ ಪೋಡಿನ ಹೆಂಗಸು ಹೇಳಿದ ಹಾಗೆ ಬಂದಳು. ವೆಬ್‌ಸೈಟ್ ಎದ್ದು ನಿಂತಿತ್ತು. ಇವರು ಬಿಳಿ ಶರ್ಟು ಹಾಕಿಕೊಂಡು, ಅವಳನ್ನು ಹಿಂದಿನ ಕೋಣೆಗೆ ಕರೆದು, ಕುರ್ಚಿ ಎಳೆದು ಕೊಟ್ಟರು. ಅವಳು ಚಪ್ಪಲಿ ಬಿಡಲು ಹೋದಾಗ "ಪರವಾಗಿಲ್ಲ ಬಾವ್ವಾ" ಎಂದರು. ಹೆಂಡತಿಯೂ ಬಾಗಿಲಲ್ಲಿ ಬಂದು ನಿಂತರು. ಇವರು ಗುಂಡಿ ಒತ್ತಿದರು.

ಮೊದಲು ಬಂದದ್ದು ಇವರದೇ ಧ್ವನಿ. ತಮ್ಮ ಹೆಸರು, ಹುದ್ದೆ, ವೆಬ್‌ಸೈಟಿನ ಸಾಧನೆ. ಅದು ಮುಗಿಯುವ ಹಾಗೆ ಕಾಣಲಿಲ್ಲ. ಆಮೇಲೆ "ಏಳಿ ತಾತ, ಜೇನು ಎಂಗ ಕೀಳ್ತೀರಿ?" ಎಂದರು. ಮುದುಕಪ್ಪ ಗಂಟಲು ಸರಿಮಾಡಿಕೊಂಡು, "ಮೊದ್ಲು ಮರಾನ ಕೇಳ್ಬೇಕು ಸಾ" ಎಂದ. "ಒಂದ್ ನಿಮಿಷ ತಾತ," ಎಂದು ಇವರು ತಡೆದರು. "ವೈಜ್ಞಾನಿಕವಾಗಿ ನೋಡುದ್ರ ಜೇನುಹುಳ..." ಎಂದು ಶುರುಮಾಡಿ, ಜೇನು ಹೇಗೆ ಗೂಡು ಕಟ್ಟುತ್ತದೆ, ರಾಣಿ ಏನು ಮಾಡುತ್ತದೆ ಎಂದು, ಜೀವಮಾನವೆಲ್ಲ ಜೇನಿನ ಮರ ಹತ್ತಿದ ಮನುಷ್ಯನಿಗೆ ಪಾಠ ಹೇಳಿದರು. ಮುದುಕಪ್ಪ ಒಂದು ಮಾತಾಡಿದರೆ ಇವರು ಹತ್ತು ಮಾತಾಡುತ್ತಿದ್ದರು. "ಸ್ವಲ್ಪ ಜೋರಾಗಿ ತಾತ." "ಮೈಕಿನ ಹತ್ರ ತಾತ." "ನೀವು ಏಳಿದ್ದು ತಪ್ಪಲ್ಲ, ಆದ್ರ..."

ಕೇಳುತ್ತ ಕೇಳುತ್ತ ಇವರ ಮುಖ ಇಷ್ಟಿಷ್ಟೇ ಕೆಳಗಿಳಿಯುತ್ತಿತ್ತು. ತಮ್ಮ ಧ್ವನಿಯನ್ನು ಹೀಗೆ ಇನ್ನೊಬ್ಬರ ಪಕ್ಕದಲ್ಲಿ ಕೂತು ಅವರು ಯಾವತ್ತೂ ಕೇಳಿರಲಿಲ್ಲ. ಕೊನೆಯ ಹತ್ತಿರ ಮುದುಕಪ್ಪ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. "ಅಂಗಾದ್ರ ನೀವೇ ಮರ ಅತ್ತಿ ಸಾ. ನಾನು ಇಲ್ಲೇ ಕುಂತು ಮಾತಾಡ್ತೀನಿ." ಹೇಳಿ, ಹೊಟ್ಟೆ ಹಿಡಿದುಕೊಂಡು ನಗುವ ಸದ್ದು. ಹಿಂದಿನಿಂದ ಯಾರೋ ಹೆಂಗಸರೂ ನಕ್ಕರು. ನಗುತ್ತಲೇ, "ಉಣ್ಣಕ ಏಳಿ, ಒತ್ತಾಯ್ತು" ಎಂದ ಮುದುಕಪ್ಪ. ಅಲ್ಲಿಗೆ ಮುಗಿಯಿತು.

ಮಗಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ತಪ್ಪಾಯ್ತು ಕಣವ್ವಾ," ಎಂದರು ಇವರು. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. "ಅವ್ರಿಗ ಮಾತಾಡಕ್ಕೇ ಬುಟ್ಟಿಲ್ಲ ನಾನು. ನನ್ನ ಮಾತೆಲ್ಲ ಕುಯ್ದಾಕಿ, ನಿಮ್ಮಪ್ಪನ ಮಾತು ಮಾತ್ರ ಮಾಡಿಕೊಡ್ತೀನಿ."

"ಬ್ಯಾಡ ಸಾ," ಎಂದಳು ಅವಳು. "ನೀವಿರೋದ್ಕೇ ನಮ್ಮಪ್ಪ ನಗ್ತಾ ಅವ್ನೆ. ನಿಮ್ಮುನ್ನ ಕುಯ್ದ್ರ ನಗಾನೂ ಓಯ್ತದ. ಅಂಗೇ ಇರ್ಲಿ."

ಅದನ್ನು ಹಾಗೇ ಬಿಟ್ಟರು. ಉಳಿದ ಎಲ್ಲ ಧ್ವನಿಗಳನ್ನೂ ಒಂದೊಂದಾಗಿ ತೆಗೆದು, ತಮ್ಮ ಮಾತನ್ನೆಲ್ಲ ಕತ್ತರಿಸಿ ಹಾಕಿದರು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಆಮೇಲೆ ಹೊಸದಾಗಿ ಹಿಡಿದದ್ದರಲ್ಲೂ ಅವರ ಮಾತಿಲ್ಲ. ಎದುರಿಗಿದ್ದವರು ಮಾತಾಡುತ್ತಾರೆ, ನಡುವೆ ನಿಲ್ಲುತ್ತಾರೆ, ಮತ್ತೆ ಮಾತಾಡುತ್ತಾರೆ. ಹಾಗೆಂದು ಮನುಷ್ಯ ಬದಲಾದರು ಎಂದು ನಾನು ಹೇಳುವುದಿಲ್ಲ. ಮೈಕ್ ಆಫ್ ಆದ ಕೂಡಲೇ ಬಾಕಿ ಇದ್ದದ್ದನ್ನೆಲ್ಲ ಬಡ್ಡಿ ಸಮೇತ ಮಾತಾಡುತ್ತಿದ್ದರು. ಸೆಲ್ವಿಯೂ ಬರೆಯುವುದನ್ನು ನಿಲ್ಲಿಸಲಿಲ್ಲ.

ಈ ಮಾಗಿಯಲ್ಲಿ ಅವರು ಎದೆನೋವೆಂದು ಕೂತವರು ಏಳಲಿಲ್ಲ. ತಿಥಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವರ ಹೆಂಡತಿ ಫೋನ್ ಮಾಡಿ ಕರೆದರು. ಹಿಂದಿನ ಕೋಣೆಯಲ್ಲಿ ಎಸಿ ಹಾಕಿಕೊಂಡು ಕೂತಿದ್ದರು. ಮೊರದಲ್ಲಿ ಅವರೆಕಾಯಿ ಇತ್ತು.

"ಮೇಡಂ, ಫೋಟೋ ಬೇಕಾದಷ್ಟವ. ಅವ್ರ ಮಾತು ಎಲ್ಲಾದ್ರೂ ಅದಾ? ಊರೋರ ಮಾತೆಲ್ಲ ಇಡ್ಕಂಡ್ರು, ಅವ್ರ ಮಾತು ಯಾರೂ ಇಡ್ಕಳ್ಳಿಲ್ಲ."

ಬೆಟ್ಟದ ಮುದುಕಪ್ಪನದೊಂದು ಇದೆ ಅಕ್ಕ ಎಂದೆ. ಫೋನಿನಲ್ಲಿ ಹಾಕಿಕೊಟ್ಟೆ. ಹೆಸರು, ಹುದ್ದೆ, ಸಾಧನೆ ಎಲ್ಲ ಬಂತು. ಆಕೆ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳಿದರು. ಮುದುಕಪ್ಪ ಏನೋ ಹೇಳಹೊರಟಾಗ ಇವರು ‘ವೈಜ್ಞಾನಿಕವಾಗಿ’ ಎಂದು ನಡುವೆ ಬಾಯಿ ಹಾಕಿದರು.

"ಆ ಯಜಮಾನ್ರು ಏನೋ ಏಳ್ತಾ ಅವ್ರ, ಸುಮ್ಕ ಇರಿ ಅತ್ತಗ," ಎಂದು ಆಕೆ ಫೋನಿಗೆ ಗದರಿದರು.

ಅವರು ಸುಮ್ಮನಾಗಲಿಲ್ಲ. ಆಕೆ ಕೊನೆಯವರೆಗೂ ಕೇಳಿ, ಇನ್ನೊಂದು ಸಲ ಹಾಕಿ ಎಂದರು.